‘ಮಾಣಿಗೆ ಶಿರ್ಸಿಲಿ ಮನೆ ಇದ್ದಾ?’

ಜಾತಕ ಕೂಡಿದ ಮೇಲೆ ಹೆಣ್ಣಿನ ಕಡೆಯವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಒಂದು ಕ್ರಮವಿತ್ತು. ತೋಟ ಎಷ್ಟು ಎಕರೆ, ಅಡಿಕೆ ಎಷ್ಟು ಕ್ವಿಂಟಲ್, ಅಣ್ಣ-ತಮ್ಮಂದಿರಲ್ಲಿ ಪಾಲು ಆಗಿದೆಯೋ ಇಲ್ಲವೋ, ಬಚ್ಚಲಿಗೆ ಅಬ್ಬಿ ನೀರು ಬರುತ್ತದೋ ಬಾವಿಯಿಂದ ಸೇದಬೇಕೋ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಮನೆಗಳಲ್ಲಿ ಈಗ ಇವೆಲ್ಲ ಹಿಂದಕ್ಕೆ ಸರಿದಿವೆ. ಚಹಾದ ಲೋಟ ಕೆಳಗಿಡುವ ಮೊದಲೇ ಬರುವ ಪ್ರಶ್ನೆ: ‘ಮಾಣಿಗೆ ಶಿರ್ಸಿಲಿ ಮನೆ ಇದ್ದಾ?’ ಮನೆ ಇಲ್ಲದಿದ್ದರೆ ಸೈಟಾದರೂ ಇರಬೇಕು. ಸೈಟೂ ಇಲ್ಲವೆಂದರೆ ಮಾತು ಮಳೆಯ ಕಡೆಗೆ ತಿರುಗುತ್ತದೆ. ಆಮೇಲೆ ಫೋನು ಬರುವುದಿಲ್ಲ.

ಶಿರಸಿಯಲ್ಲಿ ಅಂಥದ್ದೇನಿದೆ? ರೈಲು ಇಲ್ಲ. ಹೇಳಿಕೊಳ್ಳುವಂಥ ಕಾರ್ಖಾನೆ ಇಲ್ಲ. ಜಿಲ್ಲಾ ಕೇಂದ್ರವೂ ಅಲ್ಲ. ಅದು ಘಟ್ಟದ ಕೆಳಗಿನ ಕಾರವಾರ. ದೊಡ್ಡ ಪೇಟೆಯೆಂದರೆ ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿ. ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಆದರೂ ಇಲ್ಲಿ ಒಂದು ಗುಂಟೆಗೆ ಹೇಳುವ ದರ ಕೇಳಿ ಹುಬ್ಬಳ್ಳಿಯ ನೆಂಟರೊಬ್ಬರು ‘ಶಿರಸ್ಯಾಗ ಏನು ಬಂಗಾರ ಸಿಗತೈತೇನು?’ ಎಂದು ಹುಬ್ಬೇರಿಸಿದ್ದನ್ನು ನಾನೇ ಕಂಡಿದ್ದೇನೆ. ಬಂಗಾರವಲ್ಲ, ಸಿಗುವುದು ಚಿರೇಕಲ್ಲು. ಈ ಬೆಲೆಯ ಮೂಲ ಪೇಟೆಯ ಒಳಗಿಲ್ಲ. ಅದು ಸುತ್ತಲಿನ ಕಾಡಿನಲ್ಲಿ, ತೋಟಗಳಲ್ಲಿ, ನೂರು ವರ್ಷಕ್ಕೂ ಹಳೆಯ ಸೊಪ್ಪಿನ ಕಾನೂನಿನಲ್ಲಿದೆ.

ಈ ಸೀಮೆಯಲ್ಲಿ ಎಲ್ಲರೂ ಬಯಸುವ ವಿಳಾಸ ಒಂದು ಕಾಲಕ್ಕೆ ಬನವಾಸಿಯಾಗಿತ್ತು. ಬನವಾಸಿ ಎಂದ ಕೂಡಲೇ ಪಂಪನನ್ನು ಎಳೆದು ತರುವುದು ಬರೆಯುವವರ ಚಟ. ಈ ಸಲ ಅವನನ್ನು ಅವನ ಪಾಡಿಗೆ ಬಿಡೋಣ. ನಾಲ್ಕನೇ ಶತಮಾನದಲ್ಲಿ ಕದಂಬರು ವರದಾ ನದಿಯ ದಂಡೆಯನ್ನು ರಾಜಧಾನಿ ಮಾಡಿಕೊಂಡಾಗ ಶಿರಸಿಯ ಹೆಸರು ಎಲ್ಲೂ ಇರಲಿಲ್ಲ. ಇಂದು ಬನವಾಸಿಯಲ್ಲಿ ಮಧುಕೇಶ್ವರನಿದ್ದಾನೆ, ಅನಾನಸ್ ಬೆಳೆ ಇದೆ, ಕದಂಬೋತ್ಸವಕ್ಕೆ ದೀಪದ ಸಾಲು ಇದೆ. ಬನವಾಸಿಯ ಕಡೆಯವರು ಮಕ್ಕಳ ಓದಿಗೆಂದು ಜಾಗ ಹುಡುಕುವುದು ಮಾತ್ರ ಇಪ್ಪತ್ತಮೂರು ಕಿಲೋಮೀಟರ್ ಈಚೆಗೆ, ಶಿರಸಿಯ ಬನವಾಸಿ ರಸ್ತೆಯ ಬದಿಗೆ.

ಶಿರಸಿ ರಾಜರು ಕಟ್ಟಿದ ಊರಲ್ಲ, ರಸ್ತೆಗಳು ಕೂಡಿದ ಊರು. ಸೋದೆ ಅರಸರ ಕಾಲದಲ್ಲಿ ಅದು ಅವರ ಸೀಮೆಯ ಒಂದು ನೆಲೆ, ಅಷ್ಟೇ. ಹದಿನೇಳನೇ ಶತಮಾನದ ಕೊನೆಗೆ ದೇವಿಕೆರೆಯಲ್ಲಿ ಮಾರಿಕಾಂಬೆಯ ವಿಗ್ರಹ ಸಿಕ್ಕಿತೆಂಬ ಪ್ರತೀತಿ. ದೇವಸ್ಥಾನ ಬಂತು, ಜಾತ್ರೆ ಬಂತು, ಜಾತ್ರೆಯ ಬೆನ್ನಿಗೆ ವ್ಯಾಪಾರ ಬಂತು. ಆಮೇಲೆ ಹತ್ತಿ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿಯನ್ನು ಈ ಕರಾವಳಿಯಿಂದ ಹಡಗು ಹತ್ತಿಸುವ ಆಸೆ ಅದರ ಹಿಂದಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಿದ್ದ ವರ್ಷಗಳವು. ಗಾಡಿಗಳು ಬಯಲುಸೀಮೆಯಿಂದ ಹೊರಟು ಶಿರಸಿಯಲ್ಲಿ ಬೀಡುಬಿಟ್ಟು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದವು. 1880ರ ದಶಕದ ಕೊನೆಗೆ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂದದ್ದೇ ಹತ್ತಿ ಆ ದಾರಿ ಹಿಡಿಯಿತು. ಕುಮಟಾ ಬಂದರು ಸೊರಗಿತು. ಶಿರಸಿ ಸೊರಗಲಿಲ್ಲ, ಏಕೆಂದರೆ ಅದರ ಬಳಿ ಬೇರೆ ಸರಕು ಇತ್ತು: ಅಡಿಕೆ.

ಆ ಅಡಿಕೆ ಮಾತ್ರ ಬೆಳೆದವನ ಕೈಯಲ್ಲಿ ಬಹಳ ದಿನ ನಿಲ್ಲುತ್ತಿರಲಿಲ್ಲ. ಮಳೆಗಾಲದ ಖರ್ಚಿಗೆ ವಖಾರಿಯವನಿಂದ ಮುಂಗಡ. ಸುಗ್ಗಿಗೆ ಅಡಿಕೆ ನೇರ ಅವನ ವಖಾರಿಗೆ. ದರವೂ ಅವನದೇ, ತೂಕವೂ ಅವನದೇ. ಈ ಸರಪಳಿ ಕಡಿಯಲೆಂದೇ 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿತು. ಎಲ್ಲರ ಬಾಯಲ್ಲಿ ಅದು ಟಿಎಸ್‌ಎಸ್. ಟೆಂಡರಿನಲ್ಲಿ ದರ ಗೊತ್ತಾಗುವ ವ್ಯವಸ್ಥೆ ಬಂತು, ಬೆಳೆಗಾರನ ಹೆಸರಿಗೆ ಖಾತೆ ಬಂತು. ಅದೇ ಖಾತೆಯ ಮೇಲೆ ಅಕ್ಕಿ, ಬೆಲ್ಲ, ಗೊಬ್ಬರ, ಮಗಳ ಮದುವೆಯ ಸಾಲ. ಅಡಿಕೆ ಹಾಕಲು ಬಂದವನು ವೈದ್ಯರನ್ನು ಕಂಡು, ಕೋರ್ಟಿನ ಕೆಲಸ ಮುಗಿಸಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದ. ಮನೆ ಕಟ್ಟುವುದಕ್ಕೆ ಎರಡು ತಲೆಮಾರು ಮೊದಲೇ ಶಿರಸಿಯಲ್ಲಿ ಅವನಿಗೊಂದು ಖಾತೆ ಇತ್ತು. ಪೇಟೆ ಪರಕೀಯವಾಗಿ ಉಳಿಯದಿರಲು ಇದು ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಇನ್ನು ಸೊಪ್ಪಿನ ವಿಷಯ. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಡಿಕೆ ತೋಟವಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮರದ ಬುಡಕ್ಕೆ ವರ್ಷವರ್ಷವೂ ಸೊಪ್ಪು, ಗೊಬ್ಬರ ಬೀಳಬೇಕು. ಅದಕ್ಕಾಗಿ ತೋಟದ ಮೇಲಿನ ಕಾಡಿನಲ್ಲಿ ಬೆಳೆಗಾರರಿಗೆ ಹಕ್ಕು ಕೊಡುವ ಪದ್ಧತಿ ಬಂತು: ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಇದೇ ಸೊಪ್ಪಿನ ಬೆಟ್ಟ. ಲೆಕ್ಕ ಕೇಳಿದವರಿಗೆ ಬೆಳೆಗಾರ ಜಮೀನ್ದಾರನಂತೆ ಕಾಣುತ್ತಾನೆ. ಆದರೆ ಬೆಟ್ಟ ಅವನದಲ್ಲ. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ದನ ಮೇಯಿಸಬಹುದು. ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ತೋಟದಲ್ಲಿ ಕಟ್ಟಲು ಜೌಗು ಬಿಡುವುದಿಲ್ಲ. ಗದ್ದೆಯಲ್ಲಿ ಕಟ್ಟಲು ಮನಸ್ಸು ಬರುವುದಿಲ್ಲ. ಉಳಿದದ್ದು ಹಳೆಯ ಮನೆ, ಅಂಗಳ, ಕೊಟ್ಟಿಗೆ ಇರುವ ಆ ಹತ್ತು ಗುಂಟೆ. ಮೂವರು ಅಣ್ಣತಮ್ಮಂದಿರು ಪಾಲಾದರೆ ಮೂರನೆಯವನು ಎಲ್ಲಿಗೆ ಹೋಗಬೇಕು?

ಕಾಡಿಗೆ ಹೋಗುವ ಕಾಲವೊಂದಿತ್ತು. ಉತ್ತರ ಕನ್ನಡದ ಬಹುಪಾಲು ನೆಲ ದಾಖಲೆಯಲ್ಲಿ ಅರಣ್ಯ. ಅದರಲ್ಲಿ ಒತ್ತಿ ತೋಟ ಮಾಡಿದವರು, ಗುಡಿಸಲು ಹಾಕಿದವರು ಎಲ್ಲ ಜಾತಿಯಲ್ಲೂ ಇದ್ದಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಆ ಬಾಗಿಲು ಹಾಕಿತು. ಅದಕ್ಕೂ ಹಿಂದಿನ ಒತ್ತುವರಿಗಳ ಸಕ್ರಮಕ್ಕೆ 1978ರ ಏಪ್ರಿಲ್ 27ರ ಗೆರೆ ಎಳೆದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ, ಬುಡಕಟ್ಟಿಗೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ತರಬೇಕಾಯಿತು. ಅಜ್ಜ ಇದ್ದನೆಂಬುದಕ್ಕೆ ಅಜ್ಜ ನೆಟ್ಟ ಹಲಸಿನ ಮರದ ಹೊರತು ಕಾಗದವಿಲ್ಲದವರೇ ಹೆಚ್ಚು. ಇಂಥ ಜಿಲ್ಲೆಯಲ್ಲಿ ‘ಮಾಲ್ಕಿ ಜಾಗ’ (ಸ್ವಂತ ಒಡೆತನದ ನೆಲ) ಎಂಬ ಎರಡು ಶಬ್ದಕ್ಕಿರುವ ತೂಕವನ್ನು ಬಯಲುಸೀಮೆಯವರು ಊಹಿಸಲಾರರು. ಶಿರಸಿಯ ದಲ್ಲಾಳಿ ಸೈಟು ತೋರಿಸುವಾಗ ಪೂರ್ವ-ಪಶ್ಚಿಮದ ಮಾತು ಆಮೇಲೆ. ಮೊದಲು ‘ಮಾಲ್ಕಿ, ಎನ್‌ಎ ಆಗಿದೆ’ ಎನ್ನುತ್ತಾನೆ. ಕೃಷಿಯೇತರ ಎಂಬುದಕ್ಕೆ ಎನ್‌ಎ ಎನ್ನುವುದು ಮುಂಬೈ ಪ್ರಾಂತ್ಯ ಬಿಟ್ಟುಹೋದ ರೂಢಿ. ಕೊಳ್ಳುವವನು ನಿಜವಾಗಿ ಕೊಳ್ಳುವುದು ಮಣ್ಣನ್ನಲ್ಲ, ಯಾರೂ ಬಂದು ಎಬ್ಬಿಸಲಾರರೆಂಬ ನಿದ್ದೆಯನ್ನು.

ಸೈಟಿಗಿಂತ ಮೊದಲು ಬಂದದ್ದು ರೂಮು. ನಮ್ಮ ಕಡೆ ಐವತ್ತು ದಾಟಿದ ಯಾರನ್ನೇ ಕೇಳಿ, ‘ಶಿರ್ಸಿಲಿ ರೂಮು ಮಾಡ್ಕ್ಯಂಡು ಓದಿದ್ದು’ ಎನ್ನುತ್ತಾರೆ. ಹಳ್ಳಿಯಲ್ಲಿ ಏಳನೇ ಇಯತ್ತೆಯವರೆಗೆ ಶಾಲೆ. ಮುಂದಕ್ಕೆ ಮಾರಿಕಾಂಬಾ ಹೈಸ್ಕೂಲು, ಅದರಾಚೆ ಎಂಎಂ ಕಾಲೇಜು. ನಾವು ಮೂವರು ಹುಡುಗರು ಒಂದು ಮಾಳಿಗೆ ಹಿಡಿದಿದ್ದೆವು. ಸೋಮವಾರ ಬೆಳಗಿನ ಬಸ್ಸಿನ ಮೇಲೆ ತೆಂಗಿನಕಾಯಿ, ಬಾಳೆಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಮೊಸರಿನ ಕ್ಯಾನು. ಗುರುವಾರದ ಹೊತ್ತಿಗೆ ಮೊಸರು ಹುಳಿ. ಶನಿವಾರ ಮಧ್ಯಾಹ್ನ ಖಾಲಿ ಕ್ಯಾನು ಹಿಡಿದು ಮತ್ತೆ ಬಸ್ಸು. ಸೀಮೆಎಣ್ಣೆ ಸ್ಟೋವು ಕೈಕೊಟ್ಟ ದಿನ ಮಾಳಿಗೆಯ ಕೆಳಗಿನ ಮನೆಯ ಅಮ್ಮ ಬಡಿಸುತ್ತಿದ್ದ ಸಾರಿನ ರುಚಿಯಲ್ಲೇ ನಮಗೆ ‘ಪೇಟೆ ಮನೆ’ ಎಂಬ ಆಸೆ ಹುಟ್ಟಿತೇನೋ. ಆ ಹುಡುಗರು ಅಪ್ಪಂದಿರಾದಾಗ ತಮ್ಮ ಮಕ್ಕಳು ಸ್ಟೋವು ಹಚ್ಚಬಾರದೆಂದು ಸೈಟು ಕೊಂಡರು. ಅಮ್ಮ ಮಕ್ಕಳ ಜೊತೆ ಪೇಟೆಯಲ್ಲಿ, ಅಪ್ಪ ತೋಟದಲ್ಲಿ. ವಾರಕ್ಕೊಮ್ಮೆ ಕೂಡುವ ಸಂಸಾರ. 1985ರಲ್ಲಿ ಅರಣ್ಯ ಕಾಲೇಜು ಬಂತು. ಸಹಕಾರ ಸಂಘಗಳು, ಬ್ಯಾಂಕುಗಳು ಬೆಳೆದವು. ನೌಕರಿಯವರೂ ಇಲ್ಲೇ ಬೇರು ಬಿಟ್ಟರು. 2014ರಲ್ಲಿ ಅಡಿಕೆಯ ದರ ಯಾರೂ ಕಂಡಿರದಷ್ಟು ಏರಿತು. ಆ ದುಡ್ಡಿನಲ್ಲಿ ಎಷ್ಟೋ ಪಾಯ ಎದ್ದವು.

ಯಾವ ಭಾಗ ಎಂದು ಕೇಳಿದರೆ ನನ್ನ ಲೆಕ್ಕ ಇದು. ಪೇಟೆಯ ನಡುವಿನ ಸಿಪಿ ಬಜಾರ್ ವ್ಯಾಪಾರಕ್ಕೆ ಸರಿ, ವಾಸಕ್ಕೆ ತೋಟಿಗರು ಒಲ್ಲರು. ಬಿಡಕಿಬಯಲಿನ ಹತ್ತಿರ ಮನೆ ಇದ್ದರೆ ಎರಡು ವರ್ಷಕ್ಕೊಮ್ಮೆ ಜಾತ್ರೆಯ ಗದ್ದುಗೆ ಮನೆ ಬಾಗಿಲಿಗೇ ಬಂದಂತೆ. ಆ ದಿನಗಳಲ್ಲಿ ನಿಮಗೆ ನಿದ್ದೆ ಇಲ್ಲ, ಆದರೆ ನಿಮ್ಮ ನೆಂಟರೆಲ್ಲ ನಿಮ್ಮ ಜಗುಲಿಯಲ್ಲೇ ನಿದ್ದೆ ಮಾಡುತ್ತಾರೆ. ಜನ ಹುಡುಕುವುದು ಊರಿನ ಅಂಚನ್ನು: ಮರಾಠಿಕೊಪ್ಪ, ಚಿಪಗಿಯ ಕಡೆ, ಹುಲೇಕಲ್ ರಸ್ತೆ, ಕುಮಟಾ ರಸ್ತೆಯ ನೀಲೇಕಣಿ. ಇನ್ಫೊಸಿಸ್‌ನ ನಂದನ್ ನಿಲೇಕಣಿ ಅವರ ಮನೆತನದ ಮೂಲ ಶಿರಸಿ. ಹೀಗೆ ಇಲ್ಲಿನ ಒಂದು ಕೇರಿಯ ಹೆಸರು ಲೋಕವೆಲ್ಲ ಸುತ್ತಿತು. ಸುತ್ತದೆ ಉಳಿದವರು ಅದೇ ಕೇರಿಯಲ್ಲಿ ಸೈಟು ಕೇಳುತ್ತಿದ್ದಾರೆ. ಒಂದು ವಿಷಯ ನಾನು ಗಮನಿಸಿದ್ದೇನೆ. ಸಿದ್ದಾಪುರದ ಕಡೆಯವರು ಸಿದ್ದಾಪುರ ರಸ್ತೆಯಲ್ಲಿ ನೋಡುತ್ತಾರೆ, ಯಲ್ಲಾಪುರದ ಕಡೆಯವರು ಯಲ್ಲಾಪುರ ನಾಕೆಯ ಆಚೆಗೆ. ತಮ್ಮ ತೋಟಕ್ಕೆ ಹೋಗುವ ಬಸ್ಸು ಮನೆಯ ಮುಂದೆ ಹಾಯಬೇಕು, ಅಷ್ಟೇ.

ಕೊಳ್ಳುವವರ ಎರಡನೇ ಪ್ರಶ್ನೆ ನೀರಿನದು. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಹೊಯ್ಯುವ, ಅಘನಾಶಿನಿಯ ಒಂದು ಮೂಲವಾದ ಶಂಕರಹೊಂಡವನ್ನು ಒಡಲಲ್ಲೇ ಇಟ್ಟುಕೊಂಡ ಊರಿನಲ್ಲಿ ‘ಏಪ್ರಿಲ್‌ನಲ್ಲಿ ಬಾವಿಗೆ ನೀರು ಇರ್ತಾ?’ ಎಂದು ಕೇಳಬೇಕಾಗಿದೆ. ನಗರದ ನಲ್ಲಿಗೆ ನೀರು ಬರುವುದು ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ನಲ್ಲಿಯೂ ಸೊರಗುತ್ತದೆ. ಬೋಳುಗುಡ್ಡ ಕೊರೆದು ಲೇಔಟು ಮಾಡಿದ್ದನ್ನು ಕಂಡಾಗ 1983ರ ಅಪ್ಪಿಕೋ ಚಳವಳಿ ನೆನಪಾಗುತ್ತದೆ. ಇದೇ ತಾಲ್ಲೂಕಿನ ಸಾಲ್ಕಣಿಯ ಜನ ಮರ ತಬ್ಬಿ ನಿಂತವರು. ಅವರ ಮೊಮ್ಮಕ್ಕಳು ಸೈಟಿನ ಮೂಲೆಯ ಮರ ‘ಅಡ್ಡ ಬರ್ತು’ ಎನ್ನುವುದನ್ನೂ ಕೇಳಿದ್ದೇನೆ. ಅವರನ್ನು ಬೈಯಲು ನನಗೆ ಹಕ್ಕಿಲ್ಲ. ನಾನೂ ಒಂದು ನೇರಳೆ ಕಡಿಸಿದವನೇ.

ಬೆಂಗಳೂರಿಗೆ ಹೋದ ನಮ್ಮ ಹವ್ಯಕರ ಕಥೆ ಸ್ವಲ್ಪ ಬೇರೆ. 1943ರಲ್ಲಿ ಹುಟ್ಟಿದ ಹವ್ಯಕ ಮಹಾಸಭೆಯ ಮನೆ ಮಲ್ಲೇಶ್ವರದಲ್ಲಿದೆ. ಹಳೆಯ ತಲೆಯವರಿಗೆ ಬೆಂಗಳೂರೆಂದರೆ ಮಲ್ಲೇಶ್ವರವೇ. 1898ರ ಪ್ಲೇಗಿಗೆ ಹೆದರಿ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕು ಹುಡುಕಿಕೊಂಡು ಬಂದಾಗ ತುಂಬಿದ ಬಡಾವಣೆ ಅದು. ನಮ್ಮ ತೋಟಿಗರದು ತಿರುವುಮುರುವು: ಗಾಳಿ ಬೆಳಕು ಬೇಕಾದಷ್ಟಿದ್ದ ಒಂಟಿ ಮನೆಯಿಂದ ಇಕ್ಕಟ್ಟು ಹುಡುಕಿಕೊಂಡು ಬಂದವರು. ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಬೇಕು, ರಾತ್ರಿ ಎದೆ ಹಿಡಿದರೆ ಕೂಗಿದಾಗ ಓಗೊಡುವವರು ಬೇಕು. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಹಿಡಿದು ಊರಿಗೆ ಮರಳಿದ ಮಕ್ಕಳು ಸಿಗ್ನಲಿಗಾಗಿ ಗುಡ್ಡ ಹತ್ತಿ ಕೂತರು. ಅಪ್ಪ-ಅಮ್ಮ ಹೇಗೆ ಇಬ್ಬರೇ ಇದ್ದಾರೆಂಬುದನ್ನು ಹತ್ತಿರದಿಂದ ಕಂಡರು. ಆಮೇಲೆ ಶಿರಸಿಯ ಸೈಟು ವಿಚಾರಿಸುವ ಫೋನುಗಳು ಬೆಂಗಳೂರಿನಿಂದಲೂ ಬರತೊಡಗಿದವು.

ಮದುವೆಯ ಮಾತಿಗೆ ಮರಳುವುದಾದರೆ, ಹುಡುಗಿಯರನ್ನು ದೂರುವವರು ಸಂಜೆ ಏಳರ ಮೇಲೆ ಒಂಟಿ ಮನೆಯ ಜಗುಲಿಯಲ್ಲಿ ಒಂದು ಮಳೆಗಾಲ ಕೂತು ನೋಡಬೇಕು. ಕರೆಂಟು ಹೋಗಿ ಮೂರು ದಿನವಾಗಿರುತ್ತದೆ, ಸಂಕ ಮುಳುಗಿರುತ್ತದೆ. ತೋಟದ ಒಡೆತನ ಗಂಡಸರ ಹೆಸರಿನಲ್ಲಿ, ಅಡಿಕೆ ಸುಲಿಯುವ ರಾತ್ರಿಗಳು ಹೆಂಗಸರ ಪಾಲಿಗೆ. ಪೇಟೆಯ ಮನೆಯ ಕ್ರಯಪತ್ರದಲ್ಲಿ ಈಚೆಗೆ ಹೆಂಡತಿಯ ಹೆಸರೂ ಕಾಣುತ್ತಿದೆಯೆಂದು ಪರಿಚಯದ ದಸ್ತಾವೇಜು ಬರಹಗಾರರೊಬ್ಬರು ಹೇಳಿದರು.

ನಮ್ಮ ಓಣಿಯ ಕೊನೆಯಲ್ಲಿ ಹೋದ ವರ್ಷ ಒಂದು ಮನೆ ಎದ್ದಿತು. ಯಜಮಾನ ಬೆಳಗಿನ ಬಸ್ಸಿಗೆ ತೋಟಕ್ಕೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾನೆ. ಕಚೇರಿಗೆ ಹೋಗುವವರು ಪೇಟೆಯತ್ತ ಬರುವ ಹೊತ್ತಿಗೆ ಇವನು ಪೇಟೆ ಬಿಟ್ಟು ಹೊರಟಿರುತ್ತಾನೆ. ಕಾರು ನಿಲ್ಲಿಸಲು ಹಾಕಿದ ಕಾಂಕ್ರೀಟಿನ ಅಂಗಳದ ಮೇಲೆ ಸುಗ್ಗಿ ಶುರುವಾದಾಗಿನಿಂದ ಅಡಿಕೆ ಹರವಿದೆ. ಕಾರು ರಸ್ತೆಯಲ್ಲಿ ನಿಂತಿದೆ. ಮೊನ್ನೆ ಮೋಡ ಕವಿದಾಗ ಎದುರುಮನೆಯವರು, ಆಚೆಮನೆಯವರು, ನಾನೂ ಸೇರಿ, ಯಾರೂ ಕರೆಯದೆ ಓಡಿಹೋಗಿ ಅಡಿಕೆಯ ಮೇಲೆ ತಾಡಪಾಲು ಎಳೆದೆವು.