ಆಟದ ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ?



ಕಂಪ್ಯೂಟರಿನಲ್ಲೋ ಪ್ಲೇಸ್ಟೇಷನ್ನಿನಲ್ಲೋ ಮಕ್ಕಳು ಕಾರ್ ರೇಸಿನ ಆಟ ಆಡುವುದನ್ನು ತಾವು ನೋಡಿಯೇ ಇರುತ್ತೀರಿ. ಆ ಆಟಕ್ಕೆಂದೇ ಒಂದು ಸ್ಟೀರಿಂಗ್ ಕೊಡಿಸಿ ಎಂಬ ಹಟ ಈಗ ಕೆಲವು ಮನೆಗಳಲ್ಲಿದೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಅಷ್ಟು ಹಣ ಸುರಿದರೆ ಹುಡುಗ ನಿಜವಾಗಿ ಚೆನ್ನಾಗಿ ಓಡಿಸುತ್ತಾನೆಯೇ ಎಂದು ತಂದೆ ತಾಯಿ ಕೇಳುವುದು ಸಹಜ. ಉತ್ತರಕ್ಕೆ ಮೊದಲು ಆ ಚಕ್ರದ ಒಳಗುಟ್ಟು ತಿಳಿಯಬೇಕು.

ನಿಜವಾದ ಜೀಪನ್ನೇ ತೆಗೆದುಕೊಳ್ಳಿ. ತಿರುವು ದಾಟಿದ ಮೇಲೆ ಡ್ರೈವರ್ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ಮುಂದಿನ ಚಕ್ರಗಳನ್ನು ಕೂರಿಸಿರುವ ಓರೆ ಇದಕ್ಕೆ ಒಂದು ಕಾರಣ. ಇನ್ನೊಂದು, ತಿರುವಿನಲ್ಲಿ ನೆಲದ ಒತ್ತಡ ಟೈರಿನ ನಡುವಿಗೆ ಬೀಳದೆ ತುಸು ಹಿಂದಕ್ಕೆ ಬೀಳುತ್ತದೆ. ಸ್ವಾರಸ್ಯ ಇರುವುದು ಇಲ್ಲಿ. ಟೈರಿನ ಹಿಡಿತ ಮುಗಿಯುವ ಹಂತಕ್ಕೆ ಬಂದಾಗ ಆ ಒತ್ತಡ ನಡುವಿನ ಕಡೆಗೆ ಸರಿಯುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಹಿಡಿತ ತಪ್ಪುವ ಮೊದಲೇ ಕೈಗೆ ಸುದ್ದಿ ಬಂತು ಎಂದಾಯಿತು. ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಖೋಟಾ ನೋಟು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುವ ಹಾಗೆ.

ಫೋರ್ಸ್ ಫೀಡ್‌ಬ್ಯಾಕ್ ಸ್ಟೀರಿಂಗ್ ಮಾಡುವುದು ಈ ಸುದ್ದಿಯನ್ನು ಮುಟ್ಟಿಸುವ ಕೆಲಸ. ಟೈರಿನ ಮೇಲಿನ ಬಲವನ್ನು ಆಟ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಒಳಗಿನ ಮೋಟಾರು ಅದೇ ಪ್ರಮಾಣದಲ್ಲಿ ನಿಮ್ಮ ಕೈಗೆ ಎದುರಾಗಿ ಎಳೆಯುತ್ತದೆ. ಇದು ಹೊಸ ವಿದ್ಯೆಯೇನಲ್ಲ. 1989ರಲ್ಲಿ ಅಟಾರಿಯವರು ಹೊರತಂದ 'ಹಾರ್ಡ್ ಡ್ರೈವಿನ್' ಎಂಬ ನಾಣ್ಯ ಹಾಕಿ ಆಡುವ ಯಂತ್ರದಲ್ಲೇ ಇತ್ತು.

ಕಾರಿನ ಹಿಂಭಾಗ ಜಾರಿದರೆ ನಿಜವಾದ ಕಾರಿನಲ್ಲಿ ಅದು ಬೆನ್ನಿಗೂ ಸೊಂಟಕ್ಕೂ ತಿಳಿಯುತ್ತದೆ. ಮನೆಯ ಕುರ್ಚಿ ಕದಲುವುದಿಲ್ಲವಲ್ಲ! ಹಾಗಾಗಿ ಬೆನ್ನಿನ ಕೆಲಸವನ್ನೂ ಕೈಯೇ ಮಾಡಬೇಕು. ಹಿಂಭಾಗ ಜಾರಿದೊಡನೆ ಸ್ಟೀರಿಂಗ್ ತಾನೇ ಎದುರು ದಿಕ್ಕಿಗೆ ಹೊರಳುತ್ತದೆ. ಬಲ್ಲವನು ಅದನ್ನು ತಡೆಯದೆ ಹೊರಳಲು ಬಿಟ್ಟು, ಸಮಯ ನೋಡಿ ಹಿಡಿಯುತ್ತಾನೆ. ಬರೀ ಗುಂಡಿ ಒತ್ತಿ ಆಡುವವನು ಪರದೆಯಲ್ಲಿ ಕಾರು ಅಡ್ಡವಾದದ್ದನ್ನು ಕಂಡ ಮೇಲಷ್ಟೇ ಎಚ್ಚರಗೊಳ್ಳಬೇಕು. ಆದ್ದರಿಂದ ಈ ಚಕ್ರದ ಲಾಭವನ್ನು ಒಂದು ಸುತ್ತಿನ ವೇಗದಲ್ಲಿ ಹುಡುಕಬಾರದು. ಇಪ್ಪತ್ತು ಸುತ್ತನ್ನು ಒಂದೇ ಸಮ, ಗೋಡೆಗೆ ಬಡಿಯದೆ ಓಡಿಸುವುದರಲ್ಲಿ ಅದು ಕಾಣುತ್ತದೆ. ಕೊಂಡ ಮೊದಲ ವಾರಗಳಲ್ಲಿ ಹುಡುಗನ ವೇಗ ಇಳಿದರೂ ಆಶ್ಚರ್ಯಪಡಬೇಡಿ. ಗುಂಡಿ ಒತ್ತುವವನಿಗೆ ಅನೇಕ ಆಟಗಳು ಒಳಗಿಂದೊಳಗೆ ನೆರವು ಕೊಡುತ್ತವೆ.

ಇನ್ನು ಬಲದ ಮಾತು. ಲಾಜಿಟೆಕ್‌ನವರ ಜಿ 29ರಂಥ ಹಲ್ಲುಚಕ್ರದ ಮಾದರಿಗಳ ಬಲ ಸುಮಾರು 2 ನ್ಯೂಟನ್ ಮೀಟರ್. ಅಡಿಕೆ ತೂಗುವವರ ಲೆಕ್ಕದಲ್ಲಿ ಹೇಳುವುದಾದರೆ, 30 ಸೆಂಟಿಮೀಟರ್ ಅಗಲದ ಚಕ್ರದ ಅಂಚಿನಲ್ಲಿ ಸುಮಾರು 1 ಕಿಲೋ 350 ಗ್ರಾಂ ಜಗ್ಗಿದ ಹಾಗೆ. ಬೆಲ್ಟಿನ ಮಾದರಿಗಳು ಇದಕ್ಕಿಂತ ನಯ. ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಜೋಡಿಸಿದವುಗಳಿಗೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಅವುಗಳಲ್ಲಿ 8 ನ್ಯೂಟನ್ ಮೀಟರ್, ಅಂದರೆ ಅಂಚಿನಲ್ಲಿ ಐದು ಕಿಲೋ ಮೀರಿದ ಜಗ್ಗು, ಸಾಮಾನ್ಯ.

ಚಿಕ್ಕ ಮೋಟಾರಿಗೆ ಬಲವನ್ನು ಪೂರ್ತಿ ಏರಿಸಿಟ್ಟರೆ ಬೇರೊಂದು ತೊಂದರೆ. ರೇಡಿಯೋದ ವಾಲ್ಯೂಮ್ ಕೊನೆಯವರೆಗೆ ತಿರುಗಿಸಿದಾಗ ಹಾಡೂ ಮೃದಂಗವೂ ಸೇರಿ ಒಂದೇ ಗೊರಗೊರ ಆಗುವುದಿಲ್ಲವೇ? ಹಾಗೆಯೇ, ಮೋಟಾರಿನ ಶಕ್ತಿ ಮೀರಿದಲ್ಲೆಲ್ಲ ಎಳೆತ ಒಂದೇ ಸಮ ಇರುತ್ತದೆ, ಸೂಕ್ಷ್ಮ ಸುದ್ದಿ ಅಳಿಸಿಹೋಗುತ್ತದೆ. ಬಲ ತಗ್ಗಿಸಿದರೆ ಮಾತು ಸ್ಪಷ್ಟ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಬರೀ ನಡುಗುವ ಅಥವಾ ಸ್ಪ್ರಿಂಗ್ ಕಟ್ಟಿದ ಚಕ್ರ ಇದಲ್ಲವೇ ಅಲ್ಲ. ಸ್ಪ್ರಿಂಗಿಗೆ ಒಣ ರಸ್ತೆಯೂ ಒಂದೇ, ಮಳೆಯ ರಸ್ತೆಯೂ ಒಂದೇ. ಡಬ್ಬದ ಮೇಲೆ ವೈಬ್ರೇಷನ್ ಎಂದಷ್ಟೇ ಬರೆದಿದ್ದರೆ ಕೈಬಿಡಿ.

ಆಟದಿಂದ ರೇಸಿಗೆ ಹೋದವರಿಲ್ಲವೇ ಎಂದು ಹುಡುಗ ವಾದಿಸಬಹುದು. ಇದ್ದಾರೆ. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ನಡೆಸಿದ ಜಿಟಿ ಅಕಾಡೆಮಿಯಲ್ಲಿ 2008ರಲ್ಲಿ ಸ್ಪೇನಿನ ಲೂಕಾಸ್ ಓರ್ಡೋನೆಸ್, 2011ರಲ್ಲಿ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ಗೆದ್ದರು. 2013ರ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಇಬ್ಬರೂ ಒಂದೇ ಕಾರನ್ನು ಸರದಿಯಲ್ಲಿ ಓಡಿಸಿ ತಮ್ಮ ವರ್ಗದಲ್ಲಿ ಮೂರನೆಯ ಸ್ಥಾನ ಪಡೆದರು. ಆದರೆ ಆಟದಲ್ಲಿ ಗೆದ್ದ ಕೂಡಲೇ ಅವರನ್ನು ಅಲ್ಲಿಗೆ ಕಳುಹಿಸಲಿಲ್ಲ. ನಿಜವಾದ ಕಾರಿನಲ್ಲಿ ತರಬೇತಿ ಕೊಟ್ಟು, ಪರವಾನಗಿ ದೊರೆತ ಮೇಲೆಯೇ ಇಳಿಸಿದರು.

ಕೊಳ್ಳುವುದೇ ಆದರೆ ಮೊದಲು ಮೇಜು ಗಟ್ಟಿ ಇದೆಯೇ ನೋಡಿ. ಅಲ್ಲಾಡುವ ಮೇಜು ಅರ್ಧ ಸುದ್ದಿ ನುಂಗುತ್ತದೆ. ಉಳಿದ ಹಣವನ್ನು ಇನ್ನೂ ದೊಡ್ಡ ಮೋಟಾರಿಗಿಂತ ಒಳ್ಳೆಯ ಬ್ರೇಕ್ ಪೆಡಲಿಗೆ ಹಾಕುವುದು ಲೇಸೆಂದು ನನ್ನ ಅಭಿಪ್ರಾಯ. ಕಾಲು ಎಷ್ಟು ದೂರ ಹೋಯಿತು ಎಂಬುದಕ್ಕಿಂತ ಎಷ್ಟು ಒತ್ತಿತು ಎಂದು ಅಳೆಯುವ ಪೆಡಲುಗಳಿವೆ. ಡೈರೆಕ್ಟ್ ಡ್ರೈವ್ ಮನೆಗೆ ಬಂದಿದ್ದರೆ, ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳ ನಡುವೆ ತೂರಿಸದೆ ಅಂಚಿನ ಮೇಲಿಟ್ಟು ಹಿಡಿಯಲು ಹೇಳಿಕೊಡಿ. ಪರದೆಯಲ್ಲಿ ಕಾರು ಗೋಡೆಗೆ ಬಡಿದಾಗ ಚಕ್ರ ಗಿರ್ರನೆ ತಿರುಗುತ್ತದೆ, ಬೆರಳು ಸಿಕ್ಕಿಕೊಂಡರೆ ಪೆಟ್ಟು ಮಾತ್ರ ಆಟದ್ದಲ್ಲ.