ಟಿವಿ ಚರ್ಚೆಯಲ್ಲಿ ಗೆದ್ದವರು ಚುನಾವಣೆಯಲ್ಲೂ ಗೆಲ್ಲುತ್ತಾರೆಯೇ?

ಪ್ರಶ್ನೆ: ಪಕ್ಷದ ನಾಯಕರ ಟಿವಿ ಚರ್ಚೆ ನೋಡಿ ಜನ ಮತ ಬದಲಿಸುತ್ತಾರೆಯೇ?

ಉತ್ತರ: ಮೆಚ್ಚುಗೆ ಬೇಗ ಹುಟ್ಟುತ್ತದೆ, ಆದರೆ ಅದೆಲ್ಲ ಮತವಾಗುವುದಿಲ್ಲ. ಇದಕ್ಕೆ ಬ್ರಿಟನ್ನಿನ 2010ರ ಚುನಾವಣೆ ಒಳ್ಳೆಯ ಉದಾಹರಣೆ. ಆ ವರ್ಷದ ಏಪ್ರಿಲ್ 15ರಂದು ಲೇಬರ್ ಪಕ್ಷದ ಗಾರ್ಡನ್ ಬ್ರೌನ್, ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರಾನ್ ಮತ್ತು ನಿಕ್ ಕ್ಲೆಗ್ ಮ್ಯಾಂಚೆಸ್ಟರಿನಲ್ಲಿ ಮುಖಾಮುಖಿಯಾದರು. ಬ್ರಿಟನ್ನಿನ ಪಕ್ಷ ನಾಯಕರ ಮೊದಲ ಟಿವಿ ಚರ್ಚೆ ಅದು. ಮೂರನೇ ಪಕ್ಷವಾದ ಲಿಬರಲ್ ಡೆಮಾಕ್ರಾಟ್‌ನ ಕ್ಲೆಗ್ ನೇರವಾಗಿ ಕ್ಯಾಮೆರಾ ನೋಡುತ್ತಾ, ಪ್ರಶ್ನೆ ಕೇಳಿದವರನ್ನು ಹೆಸರು ಹಿಡಿದು ಕರೆಯುತ್ತಾ ಮಾತಾಡಿದರು. ಮನೆಯಲ್ಲಿ ಕುಳಿತವರಿಗೆ ತಮ್ಮೊಡನೆಯೇ ಮಾತಾಡಿದಂತೆನಿಸಿತು. ಚರ್ಚೆ ಮುಗಿದೊಡನೆ ನಡೆದ ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಪಕ್ಷದ ಬೆಂಬಲವೂ ದಿಢೀರನೆ ಏರಿತು.

ಆದರೆ ಮೇ 6ರ ಮತದಾನದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 57 ಸ್ಥಾನ. 2005ರಲ್ಲಿ 62 ಇದ್ದವು. ಮತಪ್ರಮಾಣ ಹೆಚ್ಚಿದ್ದು ಶೇ. 1ರಷ್ಟು ಮಾತ್ರ. ನೋಡುಗರಲ್ಲಿ ಅನೇಕರು ಮೊದಲೇ ಒಂದು ಪಕ್ಷದ ಕಡೆ ವಾಲಿರುತ್ತಾರೆ. ಎದುರಾಳಿ ಚೆನ್ನಾಗಿ ಮಾತಾಡಿದನೆಂದು ಒಪ್ಪಿದರೂ ಮತ ತಮ್ಮವರಿಗೇ ಹಾಕುತ್ತಾರೆ. ಜೊತೆಗೆ, ಕ್ಷೇತ್ರದಲ್ಲಿ ಅತಿಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ದೇಶದ ತುಂಬ ಚದುರಿದ ಬೆಂಬಲ ಸ್ಥಾನಗಳಾಗಿ ಬದಲಾಗುವುದು ಕಷ್ಟ.

ಹಾಗೆಂದು ಚರ್ಚೆ ವ್ಯರ್ಥವಲ್ಲ. ಅಧಿಕಾರ ಕೇಳುವವರನ್ನು ಒಂದೇ ವೇದಿಕೆಯಲ್ಲಿ, ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಿ ಅಳೆಯುವ ಅವಕಾಶ ಮತದಾರರಿಗೆ ಸಿಗಲೇಬೇಕು.