ಒಂಬತ್ತನೇ ತರಗತಿಯ ಆಚೆ

ಸರ್ಕಾರಿ ಹೈಸ್ಕೂಲಿನಲ್ಲಿ ಓದುವಾಗ ನಾನು ಸ್ಟುಡೆಂಟ್ ಪೊಲೀಸ್ ಕೆಡೆಟ್ (ಎಸ್‌ಪಿಸಿ) ಆಗಿದ್ದೆ. 2010ರಲ್ಲಿ ಕೇರಳದಲ್ಲಿ ಶುರುವಾದ ಈ ಯೋಜನೆ 2018ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಎಂಟು, ಒಂಬತ್ತನೇ ತರಗತಿಯವರಿಗೆ ಮಾತ್ರ. ಪರೇಡ್ ಮರೆತುಹೋಗಿದೆ, ಠಾಣೆಗೆ ಹೋಗಿದ್ದು ಮರೆತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಲೇಬೇಕು ಎಂದು ಹೇಳಿಕೊಟ್ಟವರು ಅಲ್ಲಿನ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಠಾಣೆ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಯಿತು ಎನ್ನುವ ಅಪ್ಪನಿಗೆ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿದೆ. ‘ನೀನೇನು ಲಾಯರಾ?’ ಅಂದರು. ಪೊಲೀಸ್ ಆಗುವ ಆಸೆ ಹುಟ್ಟಿದ್ದು ಆಗಲೇ.

ತೊಡಕು ಇರುವುದು ಆಮೇಲೆ. ಒಂಬತ್ತಕ್ಕೆ ಎಸ್‌ಪಿಸಿ ಮುಗಿಯಿತು. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಆಗಿರಬೇಕು, 19 ತುಂಬಿರಬೇಕು. ನಡುವಿನ ನಾಲ್ಕೈದು ವರ್ಷ ನಮ್ಮನ್ನು ಕೇಳುವವರಿಲ್ಲ. ನಮ್ಮ ಬ್ಯಾಚಿನ ಇಬ್ಬರು ಹುಡುಗಿಯರಿಗೆ ಅಷ್ಟರಲ್ಲೇ ಮದುವೆಯಾಯಿತು. ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ಗಾರ್ಮೆಂಟ್ಸ್ ಸೇರಿದಳು. ಎನ್‌ಸಿಸಿಯಾದರೆ ಕಾಲೇಜಿನಲ್ಲೂ ಇರುತ್ತದೆ. ಹಳೆಯ ಕೆಡೆಟ್‌ಗಳನ್ನು ತಿಂಗಳಿಗೊಮ್ಮೆ ಕರೆದು ಓಡಿಸಿ, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಹೇಳಿ ಕಳಿಸಿದ್ದರೂ ಸಾಕಿತ್ತು. ಅದಕ್ಕೇನು ದೊಡ್ಡ ಬಜೆಟ್ ಬೇಕೇ?

ನಾನೀಗ ಡಿಗ್ರಿ ಕೊನೆಯ ವರ್ಷ. ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಅದು ಆಗುತ್ತದೆ, ಗುಂಡು ಎಸೆತಕ್ಕೆ ತೋಳು ಇನ್ನೂ ಪಳಗಬೇಕು. ಲಿಖಿತ ಪರೀಕ್ಷೆಯ ನೆಗೆಟಿವ್ ಮಾರ್ಕಿಂಗ್‌ಗೇ ಹೆಚ್ಚು ಹೆದರಿಕೆ. ಗಾರ್ಮೆಂಟ್ಸ್‌ನ ಗೆಳತಿಗೂ ವಯಸ್ಸು ಮೀರಿಲ್ಲ. ಭಾನುವಾರಗಳಂದು ಅವಳನ್ನೂ ಮೈದಾನಕ್ಕೆ ಕರೆಯುತ್ತಿದ್ದೇನೆ. ಒಮ್ಮೆ ಬಂದಿದ್ದಾಳೆ.